ಹಳೆಯ ಫೈಬರ್ ದೋಣಿಯ ತಳದಲ್ಲಿ ಗುಳ್ಳೆ, ತೇವ: ಪತ್ತೆ ಮಳೆಗಾಲದಲ್ಲಿ, ರಿಪೇರಿ ಮೂಡುಗಾಳಿಯಲ್ಲಿ

ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾದರೆ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಕಾರವಾರದ ಬೈತಖೋಲ, ಅಂಕೋಲೆಯ ಬೇಲೆಕೇರಿ, ಕುಮಟೆಯ ತದಡಿ, ಹೊನ್ನಾವರದ ಕಾಸರಕೋಡು, ಭಟ್ಕಳ, ಎಲ್ಲೆಲ್ಲೂ ದೋಣಿಗಳು ದಡ ಹತ್ತುತ್ತವೆ. ತಳ ಕೆರೆದು, ಗುಳ್ಳೆ ಎದ್ದಲ್ಲಿ ಪುಟ್ಟಿ ಮೆತ್ತಿ, ಮಳೆ ಬಿಟ್ಟ ಎರಡು ಗಂಟೆಯಲ್ಲಿ ಬಣ್ಣ ಬಳಿದು, ಆಗಸ್ಟ್ ಹೊತ್ತಿಗೆ ನೀರಿಗೆ. ಮುಂದಿನ ಜೂನ್‌ನಲ್ಲಿ ನೋಡಿದರೆ ಪುಟ್ಟಿ ಕಳಚಿದೆ, ಅದರ ಸುತ್ತಲೂ ಹೊಸ ಗುಳ್ಳೆಗಳು. ಪುಟ್ಟಿ ಮೆತ್ತಿದವನನ್ನು ಬೈದು ಪ್ರಯೋಜನವಿಲ್ಲ. ಹಸಿ ಫೈಬರಿನ ಮೇಲೆ ಯಾರು ಮೆತ್ತಿದರೂ ಆಗುವುದು ಇಷ್ಟೇ.

ಗಾಳಿಯಲ್ಲಿ ಹಗಲು ರಾತ್ರಿ ನೀರು ತುಂಬಿರುವ ಈ ತಿಂಗಳುಗಳಲ್ಲಿ ಫೈಬರ್ ಒಣಗುವುದಿಲ್ಲ. ಆದರೆ ದೋಣಿಯ ಕಾಯಿಲೆ ಪತ್ತೆ ಹಚ್ಚಲು ಇದಕ್ಕಿಂತ ಒಳ್ಳೆಯ ಸಮಯವೂ ಇಲ್ಲ: ತಿಂಗಳುಗಟ್ಟಲೆ ನೀರಲ್ಲಿದ್ದ ತಳ ಈಗಷ್ಟೇ ಮೇಲೆ ಬಂದಿದೆ, ಗುಳ್ಳೆಗಳು ಉಬ್ಬಿಕೊಂಡಿವೆ, ಕೈಯಲ್ಲಿ ಸಮಯವಿದೆ. ಹಾಗಾಗಿ ಈ ಬರಹದ ಹೆಚ್ಚಿನ ಪಾಲು ಪತ್ತೆಯ ಕುರಿತದ್ದು. ರಿಪೇರಿ ಕೊನೆಯಲ್ಲಿ ಸ್ವಲ್ಪ ಬರುತ್ತದೆ. ಸರಿಯಾಗಿ ಪರೀಕ್ಷಿಸಿದ ಬಹಳಷ್ಟು ದೋಣಿಗಳಿಗೆ ಆ ವರ್ಷ ರಿಪೇರಿಯೇ ಬೇಡ ಎಂದು ಗೊತ್ತಾಗುತ್ತದೆ, ಉಳಿಯುವ ದೊಡ್ಡ ಹಣವೂ ಅದೇ.

ನಿಮ್ಮದು ಯಾವ ಬಗೆಯ ಫೈಬರ್ ದೋಣಿ

ನಮ್ಮಲ್ಲಿ 'ಫೈಬರ್' ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ದೋಣಿಗಳಿವೆ. ಔಟ್‌ಬೋರ್ಡ್ ಎಂಜಿನ್ ಕಟ್ಟುವ ನಾಡದೋಣಿಗಳಲ್ಲಿ ತಳ ಪೂರ್ತಿ ಮ್ಯಾಟ್ (ಗಾಜಿನ ನಾರಿನ ಹಾಸು) ಮತ್ತು ಅದನ್ನು ಗಟ್ಟಿಯಾಗಿಸುವ ರೆಸಿನ್ನಿನದು, ಎಂಜಿನ್ ಕೂರುವ ಹಿಂಬದಿ ಹಲಗೆಯ ಹೊಟ್ಟೆಯಲ್ಲಿ ಮಾತ್ರ ಪ್ಲೈವುಡ್ ಇರುತ್ತದೆ. ಎರಡನೆಯದು ಮರದ ಬೋಟಿಗೆ ಹೊರಗಿನಿಂದ ಫೈಬರ್ ಹೊದಿಸಿದ್ದು, ಮರ ಕೊರೆಯುವ ಹುಳು ತಡೆಯಲೆಂದು. ಮೂರನೆಯದು ಪ್ರವಾಸಿಗರನ್ನು ಕರೆದೊಯ್ಯುವ, ಬೇರೆ ಊರಿನಿಂದ ಕೊಂಡುತಂದ ಬೋಟುಗಳು. ಇವುಗಳ ಡೆಕ್ಕಿನಲ್ಲೋ ಪಕ್ಕಗಳಲ್ಲೋ ಎರಡು ಫೈಬರ್ ಪದರಗಳ ನಡುವೆ ಫೋಮ್ ಅಥವಾ ಹಗುರ ಮರ ಇರಬಹುದು.

ಈ ಬರಹದಲ್ಲಿ ಹೇಳುವ ಗುಳ್ಳೆ ಪರೀಕ್ಷೆ ಮೊದಲ ಬಗೆಗೂ ಮೂರನೆಯದರ ತಳಕ್ಕೂ ಹೊಂದುತ್ತದೆ. ಮರಕ್ಕೆ ಹೊದಿಸಿದ ಫೈಬರಿನ ಕಥೆ ಬೇರೆ, ಅದಕ್ಕೆ ಮುಂದೆ ಪ್ರತ್ಯೇಕ ಜಾಗ ಕೊಟ್ಟಿದ್ದೇನೆ.

ಇನ್ನೊಂದು ಮಾತು. ದಿನಾ ಮರಳಿಗೆ ಎಳೆದಿಡುವ ದೋಣಿಗೆ ಈ ಕಾಯಿಲೆ ಅಪರೂಪ, ತಳ ಪ್ರತಿದಿನ ಗಾಳಿ ಕಾಣುತ್ತದೆ. ಅದಕ್ಕೆ ಬರುವುದು ಸವೆತ: ಮರಳಲ್ಲಿ ಉಜ್ಜಿ ಉಜ್ಜಿ ಕೀಲಿನ (ತಳದ ನಡುವಿನ ಉದ್ದ ಏಣಿನ) ಮೇಲಿನ ನುಣುಪು ಹೊರಪದರವಾದ ಜೆಲ್‌ಕೋಟ್ ಹೋಗಿ ಬಿಳಿ ನಾರು ಕಾಣುವುದು. ಗುಳ್ಳೆ ಹುಡುಕಬೇಕಾದದ್ದು ಎಂಟೊಂಬತ್ತು ತಿಂಗಳು ಲಂಗರಿನಲ್ಲೋ ದಕ್ಕೆಯಲ್ಲೋ ನೀರಿನಲ್ಲೇ ನಿಲ್ಲುವ ದೋಣಿಯಲ್ಲಿ.

ಒಳಗೆ ನಡೆಯುವುದೇನು

ದೋಣಿಯ ಹೊರಮೈಯ ನುಣುಪಾದ ಬಣ್ಣದ ಪದರವೇ ಜೆಲ್‌ಕೋಟ್, ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಹಿಂದೆ ಗಾಜಿನ ನಾರಿನ ಮ್ಯಾಟ್ ಮತ್ತು ಪಾಲಿಯೆಸ್ಟರ್ ರೆಸಿನ್ ಸೇರಿದ ಫೈಬರ್ ಪದರಗಳು. ಜೆಲ್‌ಕೋಟ್ ನೀರನ್ನು ಪೂರ್ತಿ ತಡೆಯುತ್ತದೆ ಎಂಬುದು ತಪ್ಪು ನಂಬಿಕೆ. ನೀರಿನ ಅಣುಗಳು ನಿಧಾನವಾಗಿ ಅದರ ಮೂಲಕ ಒಳಗೆ ಸಾಗುತ್ತವೆ, ಉಪ್ಪಿನಂಥ ದೊಡ್ಡ ವಸ್ತುಗಳು ಹೊರಗೇ ಉಳಿಯುತ್ತವೆ.

ಒಳಗೆ ಹೋದ ನೀರಿಗೆ ನೀರಲ್ಲಿ ಕರಗುವ ವಸ್ತುಗಳು ಸಿಗುತ್ತವೆ: ರೆಸಿನ್ ತಯಾರಿಸುವಾಗ ಪೂರ್ತಿ ಬೆರೆಯದೆ ಉಳಿದ ಗ್ಲೈಕಾಲ್, ಮ್ಯಾಟಿನ ನಾರುಗಳನ್ನು ಹಿಡಿದಿಟ್ಟ ಅಂಟು, ರೆಸಿನ್ ಗಟ್ಟಿಯಾಗಲು ಬೆರೆಸಿದ ಹಾರ್ಡ್ನರಿನ ಉಳಿಕೆ. ಅವು ಕರಗಿ ಗಟ್ಟಿ ದ್ರಾವಣವಾಗುತ್ತದೆ. ಅಪ್ಪೆಮಿಡಿಗೆ ಉಪ್ಪು ಹಾಕಿಟ್ಟರೆ ಉಪ್ಪು ಮಿಡಿಯೊಳಗಿನ ನೀರನ್ನು ಎಳೆದುಕೊಳ್ಳುವ ಹಾಗೆ, ಈ ದ್ರಾವಣವೂ ಹೊರಗಿನ ನೀರನ್ನು ತನ್ನತ್ತ ಎಳೆಯುತ್ತದೆ. ಒಳಗೆ ಬಂದ ನೀರಿಗೆ ಹೊರಗೆ ಹೋಗುವ ಕಾರಣವಿಲ್ಲ, ಒತ್ತಡ ಏರುತ್ತದೆ, ಜೆಲ್‌ಕೋಟ್ ಉಬ್ಬುತ್ತದೆ. ಇದನ್ನೇ ಆಸ್ಮೋಸಿಸ್ ಗುಳ್ಳೆ ಎನ್ನುವುದು. ಅದೇ ನೀರು ರೆಸಿನ್ನನ್ನೂ ನಿಧಾನಕ್ಕೆ ಒಡೆಯುತ್ತದೆ, ಒಡೆದಾಗ ಇನ್ನಷ್ಟು ಆಮ್ಲ ಮತ್ತು ಗ್ಲೈಕಾಲ್ ಬಿಡುಗಡೆಯಾಗುತ್ತದೆ, ಅದು ಮತ್ತಷ್ಟು ನೀರು ಎಳೆಯುತ್ತದೆ.

ಇಲ್ಲಿಂದ ಎರಡು ವಿಷಯ ಹೊರಡುತ್ತವೆ. ಒಂದು, ರೆಸಿನ್ ಯಾವುದು ಎಂಬುದು. ಪಾಲಿಯೆಸ್ಟರಿನಲ್ಲೇ ಅಗ್ಗದ ಬಗೆಯಾದ ಆರ್ಥೋ ರೆಸಿನ್ನಿನ ದೋಣಿಗೆ ಗುಳ್ಳೆ ಬೇಗ, ಇನ್ನೊಂದು ಬಗೆಯಾದ ಐಸೋ ರೆಸಿನ್ನಿನದಕ್ಕೆ ತಡ, ಹೊರಪದರದಲ್ಲಿ ವಿನೈಲ್ ಎಸ್ಟರ್ ಎಂಬ ರೆಸಿನ್ ಬಳಸಿದ್ದರೆ ಬಹಳ ಕಡಿಮೆ. ದೋಣಿ ಕಟ್ಟಿದ್ದು ಮಳೆಗಾಲದಲ್ಲಿ, ಸುತ್ತ ಗೋಡೆಯಿಲ್ಲದ ಶೆಡ್ಡಿನಲ್ಲಿ ಎಂದಾದರೆ ಇನ್ನೂ ಅನುಮಾನಿಸಿ. ಮ್ಯಾಟ್ ತೇವ ಹೀರಿರುತ್ತದೆ, ರೆಸಿನ್ ಸರಿಯಾಗಿ ಗಟ್ಟಿಯಾಗಿರುವುದಿಲ್ಲ.

ಎರಡನೆಯದು ನಮ್ಮ ನದಿಬಾಯಿಗಳಿಗೆ ಸಂಬಂಧಿಸಿದ್ದು, ಹಲವರಿಗೆ ಅಚ್ಚರಿ ಹುಟ್ಟಿಸುವಂಥದ್ದು. ಉಪ್ಪುನೀರಿಗಿಂತ ಸಿಹಿನೀರು ಫೈಬರಿಗೆ ಹೆಚ್ಚು ಕೆಟ್ಟದ್ದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ, ಒಳಗಿನ ದ್ರಾವಣ ಅದಕ್ಕಿಂತ ಗಟ್ಟಿಯಾದರೆ ಮಾತ್ರ ನೀರನ್ನು ಎಳೆಯಬಲ್ಲದು. ಸಿಹಿನೀರಿನಲ್ಲಿ ತೆಳು ದ್ರಾವಣವೂ ಎಳೆಯುತ್ತದೆ. ಗೇರುಸೊಪ್ಪೆಯ ಅಣೆಕಟ್ಟಿನಿಂದ ವಿದ್ಯುತ್ ತಯಾರಿಸಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿಯುವುದರಿಂದ ಶರಾವತಿ ಅಳಿವೆಯಲ್ಲಿ ಉಪ್ಪು ಕಡಿಮೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬೇಸಿಗೆಗೆ ನೀರು ಚೆನ್ನಾಗಿ ಉಪ್ಪಾಗುತ್ತದೆ. ಒಂದೇ ಅಚ್ಚಿನಿಂದ ತೆಗೆದ ಎರಡು ದೋಣಿಗಳಲ್ಲಿ ಒಂದು ಶರಾವತಿಯ ಒಳಗೂ ಇನ್ನೊಂದು ತದಡಿಯಲ್ಲೂ ನಿಂತರೆ, ಮೊದಲನೆಯದನ್ನು ನಾನು ಹೆಚ್ಚು ಗಮನವಿಟ್ಟು ನೋಡುತ್ತೇನೆ. ಮಳೆಗಾಲದಲ್ಲಿ ಕಾಳಿ, ಗಂಗಾವಳಿಗಳಲ್ಲಿ ಕಟ್ಟಿಹಾಕಿದ ದೋಣಿಗಳೂ ಸಿಹಿನೀರಿನಲ್ಲೇ ನಿಂತಂತೆ. ಮೇಲೆ ಹೊದಿಕೆಯಿಲ್ಲದ ದೋಣಿಯೊಳಗೆ ನಿಲ್ಲುವ ಮಳೆನೀರೂ ಸಿಹಿನೀರೇ. ಒಳಮೈಗೆ ಜೆಲ್‌ಕೋಟಿನ ರಕ್ಷಣೆ ಇರುವುದಿಲ್ಲ, ಅದು ಒಳಗಿನಿಂದ ಇಳಿಯುತ್ತದೆ.

ಬೇಕಾದ ಸಾಮಾನು

ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ, ಬೆಳಕು ಚೂಪಾಗಿ ಬೀಳುವ ಟಾರ್ಚ್, ಮೇಣದ ಬಣ್ಣಕಡ್ಡಿ (ಮಳೆಗೆ ಸೀಮೆಸುಣ್ಣ ಉಳಿಯದು), ಹಳೆಯ ಸ್ಕ್ರೂಡ್ರೈವರ್, ಉಳಿ, ಪಿಎಚ್ ಪಟ್ಟಿ (ದ್ರವ ಎಷ್ಟು ಆಮ್ಲೀಯ ಎಂದು ಬಣ್ಣದಿಂದ ತೋರಿಸುವ ಕಾಗದ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು), ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅಗಲ ಟೇಪ್, ಅಸಿಟೋನ್, ಹತ್ತಿ ಬಟ್ಟೆ. ಪಿಎಚ್ ಪಟ್ಟಿಯನ್ನು ಸಿಗಡಿ ಕೃಷಿಯ ಸಾಮಾನು ಮಾರುವವರಲ್ಲಿ ಕೇಳಿ ನೋಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಗುಳ್ಳೆ ಒಡೆಯಬೇಡಿ. ಒಳಗಿನ ಒತ್ತಡಕ್ಕೆ ಆಮ್ಲದ ನೀರು ನೇರ ಮುಖಕ್ಕೆ ಚಿಮ್ಮುತ್ತದೆ.

ತೇವ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮುಕ್ಕಾಲು ಪಾಲು ಉತ್ತರ ಸಿಗುತ್ತದೆ. ಕೊಳ್ಳುವುದಾದರೆ ಎರಡು ಮೊಳೆ ಚುಚ್ಚಿ ಅಳೆಯುವ ಮರದ ಮೀಟರ್ ಬೇಡ, ಅದು ಜೆಲ್‌ಕೋಟಿಗೆ ತೂತು ಮಾಡುತ್ತದೆ. ಮೈಗೆ ಒತ್ತಿ ಹಿಡಿಯುವ ಬಗೆ ಬೇಕು, ಟ್ರಾಮೆಕ್ಸ್, ಸಾವರೀನ್‌ನಂಥ ಕಂಪನಿಗಳು ದೋಣಿಗೆಂದೇ ಮಾಡುತ್ತವೆ. ನಾಲ್ಕೈದು ದೋಣಿಯವರು ಸೇರಿ ಒಂದು ಕೊಂಡರೆ ಸಾಕು.

ಮೇಲೆಳೆದ ದಿನವೇ

ನೋಡುವ ಕೆಲಸವನ್ನು ನಾಳೆಗೆ ಇಡಬೇಡಿ. ನೀರಿನಿಂದ ಹೊರಬಂದ ಮೇಲೆ ಸಣ್ಣ ಗುಳ್ಳೆಗಳು ಒಂದೆರಡು ದಿನದಲ್ಲಿ ಇಳಿದು ಕಾಣದಂತಾಗುತ್ತವೆ. ಎಷ್ಟೋ ಹಳೆಯ ದೋಣಿಗಳು 'ಚೊಕ್ಕ ತಳ' ಎಂದು ಮಾರಾಟವಾಗುವುದು ಹೀಗೆಯೇ.

ಪಾಚಿ, ಚಿಪ್ಪು ಕೆರೆಯುವಾಗ ಲೋಹದ ಕತ್ತಿಗಿಂತ ಪ್ಲಾಸ್ಟಿಕ್ ಅಥವಾ ಮರದ ಪಟ್ಟಿ ವಾಸಿ. ಸಿಹಿನೀರಲ್ಲಿ ತೊಳೆದು ಬಟ್ಟೆಯಿಂದ ಒರೆಸಿ. ಕತ್ತಲಾಗಲು ಬಿಡಿ, ಅಥವಾ ತಾಡಪತ್ರಿ ಎಳೆದು ನೆರಳು ಮಾಡಿ, ಟಾರ್ಚನ್ನು ತಳಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಿರಿ. ಎದುರಿನಿಂದ ಬಿಟ್ಟ ಬೆಳಕಿನಲ್ಲಿ ಕಾಣದ್ದು ಅಡ್ಡಬೆಳಕಿನಲ್ಲಿ ನೆರಳು ಸಮೇತ ಎದ್ದು ಕಾಣುತ್ತದೆ. ಜೊತೆಗೆ ಅಂಗೈಯಿಂದ ಸವರುತ್ತಾ ಹೋಗಿ. ಕಂಡ ಪ್ರತಿ ಗುಳ್ಳೆಗೂ ಬಣ್ಣಕಡ್ಡಿಯಿಂದ ಸುತ್ತು ಹಾಕಿ.

ಎಣಿಸಲು ಒಂದು ಪದ್ಧತಿ ಬೇಕು. ಮೂತಿಯ ಹತ್ತಿರ, ನಡುವೆ, ಹಿಂಬದಿ, ಎಡ ಬಲ ಎರಡೂ ಕಡೆ ಒಂದೊಂದು ಅಡಿ ಚೌಕ ಗುರುತಿಸಿ ಅದರೊಳಗಿನ ಗುಳ್ಳೆ ಎಣಿಸಿ, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಮುಂದಿನ ವರ್ಷ ಅದೇ ಚೌಕಗಳನ್ನು ನೋಡಿದರೆ ಕಾಯಿಲೆ ಬೆಳೆಯುತ್ತಿದೆಯೋ ನಿಂತಿದೆಯೋ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ದೋಣಿ ನಡೆಸುವ ತಂಡೇಲನ ನೆನಪು ಎಷ್ಟೇ ಗಟ್ಟಿಯಿದ್ದರೂ ಫೋಟೋಗೆ ಸಮವಲ್ಲ.

ಗುಳ್ಳೆ ಎಲ್ಲಿದೆ ಎಂಬುದೇ ಒಂದು ಸುಳಿವು. ನೀರಿನ ಗೆರೆಗಿಂತ ಕೆಳಗೆ ಮಾತ್ರ ಇದ್ದರೆ ಆಸ್ಮೋಸಿಸ್ ಇರಬಹುದು. ಮೇಲಿನ ಪಕ್ಕಗಳಲ್ಲೂ ಇದ್ದರೆ, ಬಿಸಿಲು ಹೆಚ್ಚು ಬೀಳುವ ಕಡೆ ಜಾಸ್ತಿ ಇದ್ದರೆ, ದೋಣಿ ಕಟ್ಟುವಾಗ ರೋಲರ್ ಸರಿಯಾಗಿ ಓಡಿಸದೆ ಸಿಕ್ಕಿಕೊಂಡ ಗಾಳಿ ಬಿಸಿಗೆ ಹಿಗ್ಗಿ ಉಬ್ಬಿದೆ ಎಂದರ್ಥ. ಕೀಲಿನ ಉದ್ದಕ್ಕೆ ಮಾತ್ರ ಸಾಲಾಗಿ ಇದ್ದರೆ ಒಳಗೆ ನಿಂತ ನೀರನ್ನು ಅನುಮಾನಿಸಿ. ಹಳೆಯ ಪುಟ್ಟಿಯ ಸುತ್ತಲೇ ಇದ್ದರೆ ಹಿಂದಿನ ರಿಪೇರಿ ಹಸಿಯ ಮೇಲೆ ನಡೆದದ್ದು. ನಕ್ಷತ್ರದಂತೆ ಹರಡಿದ ಸಣ್ಣ ಬಿರುಕುಗಳಿಗೂ ಗುಳ್ಳೆಗೂ ಸಂಬಂಧವಿಲ್ಲ, ಅವು ಪೆಟ್ಟಿನ ಗುರುತು. ಆದರೆ ನೀರಿಗೆ ಅವು ತೆರೆದ ಬಾಗಿಲು, ಬೇರೆ ಬಣ್ಣದಲ್ಲಿ ಗುರುತಿಸಿಡಿ.

ತಟ್ಟಿ ಕೇಳುವುದು

ಸುತ್ತಿಗೆಯಿಂದ ಹಗುರಾಗಿ, ಒಂದೇ ಬಲದಲ್ಲಿ, ಕೈಯಗಲಕ್ಕೆ ಒಂದು ಪೆಟ್ಟಿನಂತೆ ತಟ್ಟುತ್ತಾ ಹೋಗಿ. ಗಟ್ಟಿ ಫೈಬರ್ 'ಟಕ್ ಟಕ್' ಎಂದು ಸ್ಪಷ್ಟವಾಗಿ ನುಡಿಯುತ್ತದೆ, ಸುತ್ತಿಗೆ ಪುಟಿಯುತ್ತದೆ. ಪದರ ಬಿಟ್ಟಲ್ಲಿ, ಕೊಳೆತ ಮರ ಇದ್ದಲ್ಲಿ ದನಿ ಮಂಕಾಗಿ 'ದಬ್' ಎನ್ನುತ್ತದೆ. ಒಳಗೆ ಅಡ್ಡಪಟ್ಟಿ ಇರುವ ಜಾಗದಲ್ಲಿ ದನಿ ಸಹಜವಾಗಿಯೇ ಬದಲಾಗುತ್ತದೆ, ಅದಕ್ಕೆ ದೋಣಿಯ ಒಳಗೆ ಒಬ್ಬರನ್ನು ನಿಲ್ಲಿಸಿ ಎಲ್ಲಿ ಏನಿದೆ ಎಂದು ಕೇಳಿಕೊಂಡೇ ತಟ್ಟಿ. ಪಕ್ಕದಲ್ಲಿ ಗ್ರೈಂಡರ್ ಓಡುತ್ತಿದ್ದರೆ ಈ ಕೆಲಸ ಬೆಳಗ್ಗೆ ಬೇಗ ಮಾಡಿ.

ಅಂಗೈಗಿಂತ ದೊಡ್ಡ ಮಂಕು ಜಾಗ ಸಿಕ್ಕರೆ ಅದರ ಅಂಚು ಎಲ್ಲಿ ಮುಗಿಯುತ್ತದೆ ಎಂದು ಸುತ್ತಲೂ ತಟ್ಟಿ ಗೆರೆ ಎಳೆಯಿರಿ. ಗುಳ್ಳೆಗಳ ಸಂಖ್ಯೆಗಿಂತ ಈ ಗೆರೆಯೊಳಗಿನ ವಿಸ್ತಾರ ನನಗೆ ಹೆಚ್ಚು ಚಿಂತೆಯ ವಿಷಯ.

ಗುಳ್ಳೆ ಒಡೆದು ನೋಡುವುದು

ಇಡೀ ಪರೀಕ್ಷೆಯಲ್ಲಿ ಹೆಚ್ಚು ಮಾತಾಡುವ ಹಂತ ಇದು. ಎಲ್ಲವನ್ನೂ ಒಡೆಯುವುದು ಬೇಡ, ಬೇರೆ ಬೇರೆ ಜಾಗ, ಬೇರೆ ಬೇರೆ ಗಾತ್ರದ ಒಂದಷ್ಟು ಆರಿಸಿಕೊಳ್ಳಿ.

ಮೊದಲು ಉಗುರಿನಿಂದಲೋ ಉಳಿಯ ತುದಿಯಿಂದಲೋ ಮೇಲಿನ ಬಣ್ಣ ಕೆರೆಯಿರಿ. ಬಣ್ಣದ ಸಿಪ್ಪೆಯೊಂದಿಗೆ ಗುಳ್ಳೆಯೂ ಹೋಯಿತು, ಕೆಳಗೆ ಜೆಲ್‌ಕೋಟ್ ನುಣುಪಾಗಿ ಹಾಗೇ ಇದೆ ಎಂದಾದರೆ ಅದು ಬರಿ ಬಣ್ಣದ ಗುಳ್ಳೆ. ಒದ್ದೆಯ ಮೇಲೆ ಬಣ್ಣ ಹಚ್ಚಿದ್ದು, ಒಂದು ಕಂಪನಿಯ ಬಣ್ಣದ ಮೇಲೆ ಹೊಂದದ ಇನ್ನೊಂದು ಹಚ್ಚಿದ್ದು, ವರ್ಷ ವರ್ಷ ಕೆರೆಯದೆ ಪದರ ಪೇರಿಸಿದ್ದು, ಇವೇ ಕಾರಣ. ನಮ್ಮ ದಕ್ಕೆಗಳಲ್ಲಿ 'ತಳ ಪೂರ್ತಿ ಹೋಯಿತು' ಎಂದು ಹೆದರಿಸುವ ಗುಳ್ಳೆಗಳಲ್ಲಿ ಇಂಥವು ಬೇಕಾದಷ್ಟು. ಹಳೆಯ ಬಣ್ಣ ಪೂರ್ತಿ ತೆಗೆದರೆ ಕಾಯಿಲೆಯೂ ಮುಗಿಯಿತು.

ಜೆಲ್‌ಕೋಟೇ ಉಬ್ಬಿದ್ದರೆ ಆ ಜಾಗವನ್ನು ಒಣಬಟ್ಟೆಯಿಂದ ಒರೆಸಿ, ಮಳೆಹನಿ ಬೀಳದಂತೆ ಮೇಲೆ ಮರೆ ಹಿಡಿಸಿ. ಮಳೆನೀರು ತಾನೇ ತುಸು ಆಮ್ಲೀಯ, ಪಟ್ಟಿಗೆ ತಗುಲಿದರೆ ಲೆಕ್ಕ ಕೆಡುತ್ತದೆ. ಮುಖವನ್ನು ಪಕ್ಕಕ್ಕೆ ಸರಿಸಿ ಸ್ಕ್ರೂಡ್ರೈವರಿನ ತುದಿಯಿಂದ ಗುಳ್ಳೆಯ ಬುಡಕ್ಕೆ ಚುಚ್ಚಿ. ದ್ರವ ಬಂದ ಕೂಡಲೇ ಪಿಎಚ್ ಪಟ್ಟಿ ತಾಗಿಸಿ, ನಂತರ ಗ್ಲೌಸ್ ಹಾಕಿದ ಎರಡು ಬೆರಳಿನ ನಡುವೆ ಉಜ್ಜಿ ನೋಡಿ, ಸ್ವಲ್ಪ ದೂರದಿಂದ ವಾಸನೆ ಹಿಡಿಯಿರಿ.

ಸಮುದ್ರದ ನೀರಿನ ಪಿಎಚ್ ಸುಮಾರು 8. ಗುಳ್ಳೆಯ ದ್ರವ 6ಕ್ಕಿಂತ ಸ್ಪಷ್ಟವಾಗಿ ಕೆಳಗಿದ್ದು, ಬೆರಳಿಗೆ ಎಣ್ಣೆಯಂತೆ ಜಾರಿ, ವಿನೆಗರಿನ ಹುಳಿವಾಸನೆಯೋ ರೆಸಿನ್ನಿನ ಘಾಟೋ ಇದ್ದರೆ ಅದು ಆಸ್ಮೋಸಿಸ್. ವಿನೆಗರ್ ವಾಸನೆ ಬಹುಮಟ್ಟಿಗೆ ಮ್ಯಾಟಿನ ಅಂಟು ಒಡೆದು ಹುಟ್ಟಿದ ಅಸಿಟಿಕ್ ಆಮ್ಲದ್ದು. ವಾಸನೆಯಿಲ್ಲದ ಬರಿ ನೀರು, ಪಿಎಚ್ 7-8ರ ಆಸುಪಾಸು ಎಂದರೆ ಹೊರಗಿನ ನೀರು ಬಿರುಕಿನಿಂದಲೋ ಸಂದಿನಿಂದಲೋ ನುಗ್ಗಿದೆ. ಒಳಗೆ ಏನೂ ಇಲ್ಲದೆ ಒಣಗಿದ್ದು ಮೇಲ್ಪದರ ಮೊಟ್ಟೆಯ ಚಿಪ್ಪಿನಂತೆ ಪುಡಿಯಾದರೆ ಕಟ್ಟುವಾಗಿನ ಗಾಳಿ.

ಈಗ ಆಳ ನೋಡಿ. ಒಡೆದ ಜೆಲ್‌ಕೋಟನ್ನು ಉಳಿಯಿಂದ ಬಿಡಿಸಿ, ಕೆಳಗಿನ ಫೈಬರನ್ನು ಸ್ಕ್ರೂಡ್ರೈವರಿನಿಂದ ಕೆದಕಿ. ನಾರು ರೆಸಿನ್ನಿನಲ್ಲಿ ಗಟ್ಟಿಯಾಗಿ ಕೂತಿದ್ದು ಹಸಿರು ಅಥವಾ ಜೇನುಬಣ್ಣದಲ್ಲಿ ತುಸು ಪಾರದರ್ಶಕವಾಗಿದ್ದರೆ ಕಾಯಿಲೆ ಮೇಲ್ಮೈಯದು. ಬಿಳುಚಿದ ನಾರು ಎಳೆ ಎಳೆಯಾಗಿ ಬಿಡಿಸಿಕೊಂಡು ಬಂದರೆ ರೆಸಿನ್ ಒಳಗೂ ಹೋಗಿದೆ. ನಾಣ್ಯಕ್ಕಿಂತ ದೊಡ್ಡ, ಚಪ್ಪಟೆ, ಒತ್ತಿದರೆ ತಗ್ಗುವ ಗುಳ್ಳೆಗಳು ಹೆಚ್ಚಾಗಿ ಎರಡು ಫೈಬರ್ ಪದರಗಳ ನಡುವೆ ಹುಟ್ಟಿದವು. ಕಡಲೆಕಾಳಿನ ಗಾತ್ರದವು ಜೆಲ್‌ಕೋಟಿನ ಹಿಂದಷ್ಟೇ.

ಒಡೆದ ಗುಳ್ಳೆಗಳನ್ನು ಮುಚ್ಚಬೇಡಿ, ಸಿಹಿನೀರಿನಿಂದ ತೊಳೆದು ತೆರೆದೇ ಬಿಡಿ. ಆ ವರ್ಷವೇ ನೀರಿಗಿಳಿಸಬೇಕಾದರೆ ಅವುಗಳಿಗಷ್ಟೇ ತಾತ್ಕಾಲಿಕವಾಗಿ ಎಪಾಕ್ಸಿ ಪುಟ್ಟಿ ಹಾಕಿ, ಫೋಟೋದಲ್ಲಿ ಗುರುತಿಡಿ.

ಮೀಟರ್ ಹಿಡಿಯುವ ಬಗೆ

ಮೀಟರ್ ತೋರಿಸುವ ಅಂಕಿ ಫೈಬರಿನಲ್ಲಿ ಶೇಕಡಾ ಎಷ್ಟು ನೀರಿದೆ ಎಂಬುದಲ್ಲ. ಹಲವು ಮೀಟರುಗಳ ಅಳತೆ ಮರದ ತೇವಕ್ಕೆ ಹೊಂದಿಸಿದ್ದು. 20 ಎಂದು ಕಂಡರೆ ತಳದಲ್ಲಿ ಶೇಕಡಾ 20 ನೀರಿದೆ ಎಂದು ಓದಬೇಡಿ. ಪಾಲಿಯೆಸ್ಟರ್ ಫೈಬರ್ ಪೂರ್ತಿ ನೆನೆದರೂ ತನ್ನ ತೂಕದ ಶೇಕಡಾ ಒಂದೆರಡರಷ್ಟು ಮಾತ್ರ ನೀರು ಹಿಡಿಯುತ್ತದೆ. ಅಂಕಿಯ ಬೆಲೆ ಇರುವುದು ಹೋಲಿಕೆಯಲ್ಲಿ: ನೀರಿನ ಗೆರೆಯ ಮೇಲಿನ ಒಣ ಪಕ್ಕ ಎಷ್ಟು ತೋರಿಸುತ್ತದೆ, ತಳ ಎಷ್ಟು, ಇವತ್ತು ಎಷ್ಟು, ಹದಿನೈದು ದಿನದ ನಂತರ ಎಷ್ಟು.

ಬಣ್ಣದ ಮೇಲೆ ಹಿಡಿಯಬೇಡಿ. ತಳಕ್ಕೆ ಹಚ್ಚುವ ಬಣ್ಣದಲ್ಲಿ ತಾಮ್ರವಿರುತ್ತದೆ, ಮೀಟರ್ ಸುಮ್ಮನೆ ಏರುತ್ತದೆ. ಅಲ್ಲಲ್ಲಿ ಅಂಗೈಯಗಲ ಜಾಗದಲ್ಲಿ ಜೆಲ್‌ಕೋಟ್ ಕಾಣುವವರೆಗೆ ಕೆರೆದು ಪಾಲಿಶ್ ಪೇಪರ್ ತಿಕ್ಕಿ ಕಿಟಕಿ ಮಾಡಿಕೊಳ್ಳಿ, ಸಿಹಿನೀರಲ್ಲಿ ತೊಳೆದು ಒರೆಸಿ. ಮೇಲೆ ಉಪ್ಪಿನ ತೆಳು ಲೇಪ ಉಳಿದರೂ ಅಂಕಿ ಏರುತ್ತದೆ. ಸಣ್ಣ ದೋಣಿಯ ತಳ ಒಂದು ಸೆಂಟಿಮೀಟರಿಗಿಂತ ತೆಳು, ಮೀಟರಿನ ನೋಟ ಅದನ್ನೂ ದಾಟಿ ಹೋಗುತ್ತದೆ. ಒಳಗೆ ನಿಂತ ನೀರು, ಡೀಸೆಲ್ ಟ್ಯಾಂಕು, ಕಬ್ಬಿಣದ ತುಂಡು, ಒದ್ದೆ ಬಲೆಯ ರಾಶಿ ಎಲ್ಲವನ್ನೂ 'ತೇವ' ಎಂದೇ ಓದುತ್ತದೆ. ಒಳಗೆ ಖಾಲಿ ಮಾಡಿ ಒರೆಸಿದ ಮೇಲೆಯೇ ಅಳೆಯಿರಿ.

ನೀರಿನಿಂದ ಎತ್ತಿದ ಮೊದಲ ದಿನ ಎಲ್ಲ ದೋಣಿಯ ತಳವೂ ಹೆಚ್ಚು ತೋರಿಸುತ್ತದೆ. ಆ ಅಂಕಿ ನೋಡಿ ಯಾರಾದರೂ ಲಕ್ಷಗಟ್ಟಲೆ ರಿಪೇರಿ ಹೇಳಿದರೆ ಕೈಮುಗಿದು ಕಳಿಸಿ. ಅದೇ ಕಿಟಕಿಗಳಲ್ಲಿ ವಾರಕ್ಕೊಮ್ಮೆ ಅಳೆದು ಬರೆದಿಡಿ. ಚೆನ್ನಾಗಿ ಮುಚ್ಚಿದ ಶೆಡ್ಡಿನಲ್ಲಿದ್ದರೆ ಜುಲೈನಲ್ಲೂ ಮೇಲ್ಮೈ ತೇವ ಸ್ವಲ್ಪ ಇಳಿಯುತ್ತದೆ. ಉಳಿದೆಲ್ಲ ಕಿಟಕಿ ಇಳಿಯುತ್ತಿದ್ದು ಒಂದೆರಡು ಮಾತ್ರ ಕದಲದೆ ನಿಂತರೆ, ತಟ್ಟಿದಾಗ ಮಂಕು ದನಿ ಬಂದ ಜಾಗವೂ ಅದೇ ಆದರೆ, ಅಲ್ಲಿ ನಿಜವಾದ ತೊಂದರೆ ಇದೆ.

ಮೀಟರ್ ಇಲ್ಲದವರಿಗೆ ಪ್ಲಾಸ್ಟಿಕ್ ಹಾಳೆ

ಕೆರೆದು ಒರೆಸಿದ ಜಾಗದ ಮೇಲೆ ಒಂದಡಿ ಚೌಕದ ಪಾರದರ್ಶಕ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಅಂಚಿನಿಂದ ಹೊರಗಿನ ಗಾಳಿ ನುಗ್ಗಬಾರದು. ಹೋಲಿಕೆಗೆ ನೀರಿನ ಗೆರೆಯ ಮೇಲೆಯೂ ಒಂದು ಅಂಟಿಸಿ. ಎರಡು ಮೂರು ದಿನ ಬಿಟ್ಟು ನೋಡಿದಾಗ ಕೆಳಗಿನ ಹಾಳೆಯ ಒಳಬದಿ ಮಾತ್ರ ಬೆವರಿದ್ದರೆ ತೇವ ಫೈಬರಿನಿಂದ ಹೊರಬರುತ್ತಿದೆ. ಎರಡೂ ಬೆವರಿದ್ದರೆ ಏನೂ ತಿಳಿಯಲಿಲ್ಲ ಎಂದೇ ಲೆಕ್ಕ. ಅದು ನಮ್ಮ ಜುಲೈ ಗಾಳಿಯ ಬೆವರು, ಬಿಸಿಲು ಕಂಡ ದಿನ ಮತ್ತೆ ಅಂಟಿಸಿ.

ರೆಸಿನ್ ಗಟ್ಟಿಯಾಗಿತ್ತೇ

ಜೆಲ್‌ಕೋಟ್ ಬಿಡಿಸಿದ ಜಾಗದಲ್ಲಿ ಫೈಬರನ್ನು ಒಣಗಿಸಿ, ಅಸಿಟೋನ್ ಅದ್ದಿದ ಬಟ್ಟೆಯಿಂದ ಉಜ್ಜಿ, ಅದು ಆರಿದ ಮೇಲೆ ಬೆರಳು ಒತ್ತಿ ನೋಡಿ. ಅಂಟಂಟಾದರೆ ರೆಸಿನ್ ಅರೆಬೆಂದದ್ದು. ಬಾರ್ಕಾಲ್ ಎಂಬ ಸಣ್ಣ ಉಪಕರಣದಿಂದ ಗಡಸುತನ ಅಳೆಯುವವರೂ ಇದ್ದಾರೆ. ಚೆನ್ನಾಗಿ ಗಟ್ಟಿಯಾದ ಪಾಲಿಯೆಸ್ಟರ್ ಸಾಮಾನ್ಯವಾಗಿ 35ರಿಂದ 45 ತೋರಿಸುತ್ತದೆ. ತಳವಿಡೀ ಅಂಟು ಬರುವ ದೋಣಿಗೆ ಗುಳ್ಳೆ ಗುಳ್ಳೆಯಾಗಿ ರಿಪೇರಿ ಮಾಡುವುದು ದುಡ್ಡು ದಂಡ.

ಎಂಜಿನ್ ಕೂರುವ ಹಲಗೆ

ನನ್ನ ಲೆಕ್ಕದಲ್ಲಿ ತಳದ ನೂರು ಗುಳ್ಳೆಗಿಂತ ಇದು ಅಪಾಯ. ಗುಳ್ಳೆಯಿಂದ ದೋಣಿ ಮುಳುಗುವುದು ತೀರ ಅಪರೂಪ. ಕೊಳೆತ ಹಲಗೆ ಹೊಳೆಬಾಯಿಯ ಅಲೆಯಲ್ಲಿ ಎಂಜಿನ್ ಸಮೇತ ಕಿತ್ತು ಬರಬಹುದು. ಬೋಲ್ಟ್ ತೂತುಗಳ ಸುತ್ತ ಹಚ್ಚಿದ ಸೀಲಂಟ್ ಒಣಗಿ ಬಿರಿದಾಗ ನೀರು ಒಳಗಿನ ಪ್ಲೈವುಡ್ಡಿಗೆ ಇಳಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಎಂಜಿನ್ ಮೇಲೆತ್ತಿದ ಸ್ಥಿತಿಯಲ್ಲಿ ಅದರ ಕಾಲು ಹಿಡಿದು ಮೇಲೆ ಕೆಳಗೆ ತೂಗಿ, ಇನ್ನೊಬ್ಬರು ಹಲಗೆ ನೋಡಲಿ. ಹಲಗೆ ಬಾಗಿದರೆ, ಬೋಲ್ಟಿನ ಬಳಿ ಕಂದು ನೀರು ಒಸರಿದರೆ ಎಂಜಿನ್ ಇಳಿಸಿ. ಕೆಳಗಿನ ಒಂದು ಬೋಲ್ಟ್ ತೆಗೆದು ತೂತಿನೊಳಗೆ ತಂತಿ ಆಡಿಸಿ: ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಕಪ್ಪು ಹಿಟ್ಟಾಗಿ ಹೊರಬರುತ್ತದೆ. ಇನ್ನೂ ಖಚಿತವಾಗಬೇಕಾದರೆ ಒಳಬದಿಯಿಂದ ಸಣ್ಣ ಡ್ರಿಲ್ಲಿನಲ್ಲಿ ಹೊರಪದರ ತಲುಪದಂತೆ ಕೊರೆದು ಹೊಟ್ಟಿನ ಬಣ್ಣ ನೋಡಿ. ತಿಳಿ ಬಣ್ಣದ ಒಣ ಹೊಟ್ಟು ಬಂದರೆ ನೆಮ್ಮದಿ. ಕೊರೆದ ತೂತನ್ನು ಅಂದೇ ಎಪಾಕ್ಸಿಯಿಂದ ಮುಚ್ಚಿ. ಇದೇ ಪರೀಕ್ಷೆ ಒಳಗಿನ ಅಡ್ಡಪಟ್ಟಿಗಳಿಗೂ ಸಲ್ಲುತ್ತದೆ. ಅವುಗಳ ಹೊಟ್ಟೆಯಲ್ಲೂ ಮರವಿರುವುದು ಹೆಚ್ಚು.

ಮರಕ್ಕೆ ಹೊದಿಸಿದ ಫೈಬರ್

ಇಲ್ಲಿ ಗುಳ್ಳೆ ಎಂದರೆ ಹೆಚ್ಚಾಗಿ ಫೈಬರ್ ಮರದಿಂದ ಬಿಟ್ಟುಕೊಂಡಿದೆ ಎಂದರ್ಥ. ಮರ ನೀರು ಕುಡಿದು ಹಿಗ್ಗಿ, ಒಣಗಿ ಕುಗ್ಗುತ್ತದೆ, ಫೈಬರ್ ಅದರ ಜೊತೆ ಆಡುವುದಿಲ್ಲ. ಪಾಲಿಯೆಸ್ಟರ್ ರೆಸಿನ್ ಮರಕ್ಕೆ ಅಂಟುವುದೂ ಕಡಿಮೆ. ಎರಡರ ನಡುವೆ ಸೇರಿದ ನೀರು ಹೊರಬರುವ ದಾರಿಯಿಲ್ಲದೆ ಮರವನ್ನು ಕೊಳೆಸುತ್ತದೆ. ಪಿಎಚ್, ಗ್ಲೈಕಾಲ್ ಯಾವುದೂ ಇಲ್ಲಿ ಉಪಯೋಗಕ್ಕಿಲ್ಲ. ತಟ್ಟಿ ಟೊಳ್ಳು ಜಾಗ ಗುರುತಿಸಿ, ಅತಿ ತಗ್ಗಿನಲ್ಲಿ ಒಂದು ಸಣ್ಣ ತೂತು ಮಾಡಿ ನೀರು ಸುರಿಯುತ್ತದೋ ನೋಡಿ, ಒಂದು ತುಂಡು ಫೈಬರ್ ಕತ್ತರಿಸಿ ತೆಗೆದು ಮರಕ್ಕೆ ಚಾಕು ಚುಚ್ಚಿ. ಚಾಕು ಸಲೀಸಾಗಿ ಇಳಿದರೆ ಬಡಗಿಯನ್ನು ಕರೆಯಿರಿ, ಫೈಬರ್ ಕೆಲಸದವನ ಸರದಿ ಆಮೇಲೆ.

ಕಂಡದ್ದನ್ನು ಕೂಡಿಸಿ ನಿರ್ಧಾರ

ಚೌಕದಲ್ಲಿ ಒಂದೋ ಎರಡೋ ಕಡಲೆಕಾಳಿನ ಗಾತ್ರದ ಗುಳ್ಳೆ, ಕೆಳಗಿನ ಫೈಬರ್ ಗಟ್ಟಿ, ತಟ್ಟಿದಾಗ ದನಿ ಸ್ಪಷ್ಟ: ದೋಣಿ ದುಡಿಯಲಿ, ಮುಂದಿನ ಜೂನ್‌ನಲ್ಲಿ ಎಣಿಸಿ. ಹದಿನೈದು ಇಪ್ಪತ್ತು ವರ್ಷದ ದೋಣಿಗೆ ಇದು ನರೆಗೂದಲಿದ್ದ ಹಾಗೆ, ಇದಕ್ಕಾಗಿ ಹಂಗಾಮು ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಗುಳ್ಳೆ ದಟ್ಟವಾಗಿ ತಳವಿಡೀ ಇದ್ದು, ಆಮ್ಲ ಖಚಿತವಾಗಿ, ಒಳಫೈಬರ್ ಇನ್ನೂ ಗಟ್ಟಿ ಇದ್ದರೆ ಜೆಲ್‌ಕೋಟ್ ಪೂರ್ತಿ ತೆಗೆದು ಒಣಗಿಸಿ ಎಪಾಕ್ಸಿ ಲೇಪ ಕೊಡಬೇಕಾಗುತ್ತದೆ. ಇದು ತಿಂಗಳುಗಳ ಕೆಲಸ. ದೋಣಿಯ ಬೆಲೆಯೊಂದಿಗೆ ತೂಗಿ ನೋಡಿ, ಎಷ್ಟೋ ಸಲ ಇನ್ನೂ ಎರಡು ಮೂರು ವರ್ಷ ಹಾಗೇ ಓಡಿಸಿ ಹೊಸದು ಕಟ್ಟಿಸುವುದು ಲಾಭ. ದೊಡ್ಡ ಮಂಕು ಜಾಗ, ಬಿಡಿಸಿಕೊಂಡ ನಾರು, ಬಾಗುವ ತಳ ಅಥವಾ ಹಲಗೆ ಕಂಡರೆ ಮಾತ್ರ ಆಗಸ್ಟಿಗೆ ಕಾಯದೆ ದೋಣಿ ನಿಲ್ಲಿಸಿ, ಅದು ಬಲದ ಪ್ರಶ್ನೆ.

ಒಣಗಿಸುವುದು, ಮುಚ್ಚುವುದು

ನಿಜವಾದ ಒಣಗು ಶುರುವಾಗುವುದು ಡಿಸೆಂಬರಿನಲ್ಲಿ ಮೂಡುಗಾಳಿ ಬೀಸತೊಡಗಿದ ಮೇಲೆ. ಫೆಬ್ರವರಿ ತನಕ ಉತ್ತಮ, ಪ್ರವಾಸಿ ಬೋಟಿನವರಿಗೆ ಹಂಗಾಮು ಅಡ್ಡ ಬರುವುದರಿಂದ ಮಾರ್ಚಿನಿಂದ ಮೇ ಮೊದಲ ವಾರದವರೆಗೂ ಆದೀತು. ಮೀನುಗಾರರಿಗೆ ಇದು ಕಷ್ಟದ ಮಾತು ಎಂದು ಗೊತ್ತು. ಸಣ್ಣ ರಿಪೇರಿಯಾದರೆ ಬೋಟಿಗೆ ಕೆಲಸ ಕಡಿಮೆಯಿರುವ ವಾರಗಳನ್ನು ಆರಿಸಿಕೊಳ್ಳಿ. ನಿಷೇಧದಲ್ಲೇ ಮಾಡಲೇಬೇಕೆಂದರೆ ಪ್ಲಾಸ್ಟಿಕ್ ಗೂಡು ಕಟ್ಟಿ ಒಳಗೆ ಗಾಳಿಯ ತೇವ ಹೀರುವ ಯಂತ್ರ ಓಡಿಸಬೇಕು, ಕರೆಂಟು ಹೋಗುತ್ತಾ ಬರುತ್ತಾ ಇದ್ದರೆ ಅದೂ ಅರ್ಧಂಬರ್ಧ.

ಬಿಸಿಲು ಗಾಳಿಗೆ ಬಿಟ್ಟರಷ್ಟೇ ಸಾಲದು. ಗ್ಲೈಕಾಲ್ ನೀರಿನಂತೆ ಆವಿಯಾಗುವುದಿಲ್ಲ, ಅದು ಕುದಿಯುವುದೇ ಸುಮಾರು 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅದು ಒಳಗೆ ಉಳಿದರೆ ಗಾಳಿಯ ತೇವವನ್ನೇ ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಗುಳ್ಳೆಯನ್ನು ಗಟ್ಟಿ ಫೈಬರ್ ಸಿಗುವವರೆಗೆ ಬಟ್ಟಲಿನಾಕಾರಕ್ಕೆ ಗ್ರೈಂಡ್ ಮಾಡಿ, ಬಿಸಿ ಸಿಹಿನೀರಿನಿಂದ ಹಲವು ದಿನ ಮತ್ತೆ ಮತ್ತೆ ತೊಳೆದು, ಪಿಎಚ್ ಪಟ್ಟಿಗೆ ಆಮ್ಲ ಕಾಣದ ಮೇಲೆ ಒಣಗಲು ಬಿಡಿ. ಮೀಟರಿನ ಅಂಕಿ ನೀರಿನ ಗೆರೆಯ ಮೇಲಿನ ಅಂಕಿಗೆ ಹತ್ತಿರ ಬಂದು ಎರಡು ಮೂರು ವಾರ ಅಲ್ಲೇ ನಿಂತರೆ ಒಣಗಿತು. ಗ್ರೈಂಡರ್ ದೂಳಿಗೆ ಮಾಸ್ಕ್ ಕಡ್ಡಾಯ, ಬಾಯಿಗೆ ಬೈರಾಸು ಸುತ್ತಿದರೆ ಗಾಜಿನ ದೂಳು ನಿಲ್ಲದು.

ಮುಚ್ಚಲು ಪಾಲಿಯೆಸ್ಟರ್ ಬೇಡ, ಎಪಾಕ್ಸಿ ಬಳಸಿ. ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಆಳದ ಗುಳಿಗೆ ನೇಯ್ದ ಗಾಜಿನ ಬಟ್ಟೆ ಹಾಕಿ. ಸಾಮಾನ್ಯ ಮ್ಯಾಟಿನ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ನಿಂದ, ಎಪಾಕ್ಸಿಯಲ್ಲಿ ಆ ಮ್ಯಾಟ್ ಸರಿಯಾಗಿ ನೆನೆಯದು. ನಮ್ಮ ಗಾಳಿಯಲ್ಲಿ ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಮುಂದಿನ ಪದರಕ್ಕೆ ಮೊದಲು ನೀರು ಮತ್ತು ಪಾತ್ರೆ ತಿಕ್ಕುವ ಸ್ಕ್ರಬ್ಬರಿನಿಂದ ತೊಳೆದು ಪಾಲಿಶ್ ಪೇಪರ್ ತಿಕ್ಕಿ. ತಳಕ್ಕೆ ಪೂರ್ತಿ ಲೇಪ ಕೊಡುವುದಾದರೆ ಒಣಗಿದ ದಪ್ಪ ಕನಿಷ್ಠ ಕಾಲು ಮಿಲಿಮೀಟರ್ ಬರಬೇಕು, ಅಂದರೆ ಹಲವು ಕೋಟು.

ಪಾಲಿಯೆಸ್ಟರ್ ಕೆಲಸ ಬೇರೆಡೆ ನಡೆಯುತ್ತಿದ್ದರೆ ಒಂದು ಎಚ್ಚರಿಕೆ: ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರಾವಣ) ಮತ್ತು ಹಾರ್ಡ್ನರನ್ನು ಎಂದೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸ್ಫೋಟವಾಗುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಕಲಸಿ, ಆಮೇಲೆ ಹಾರ್ಡ್ನರ್.

ಹಳೆಯ ದೋಣಿ ಕೊಳ್ಳುವವರಿಗೆ

ತಿಂಗಳುಗಟ್ಟಲೆ ದಡದಲ್ಲಿ ಒಣಗಿನಿಂತ, ಹೊಸ ಬಣ್ಣ ಬಳಿದ ದೋಣಿಯ ತಳ ನೋಡಿ ಏನೂ ಹೇಳಲಾಗದು. ಮಾರುವವರು ಒಪ್ಪಿದರೆ ಒಂದೆರಡು ವಾರ ನೀರಲ್ಲಿ ನಿಲ್ಲಿಸಿ ಎತ್ತಿಸಿ ನೋಡಿ, ಇಳಿದಿದ್ದ ಗುಳ್ಳೆಗಳು ಮತ್ತೆ ತಲೆಯೆತ್ತುತ್ತವೆ. ಒಪ್ಪದಿದ್ದರೆ ಎರಡು ಕಡೆ ಬಣ್ಣ ಕೆರೆದು ನೋಡಲು ಕೇಳಿ. ಅದಕ್ಕೂ ಒಪ್ಪದವರ ದೋಣಿಗೆ ಬೆಲೆ ಕಟ್ಟುವಾಗ ತಳ ಪೂರ್ತಿ ಕೆಟ್ಟಿದೆ ಎಂದೇ ಹಿಡಿದು ಚೌಕಾಸಿ ಮಾಡಿ. ಹಿಂಬದಿ ಹಲಗೆಯ ಬೋಲ್ಟನ್ನಂತೂ ತೆಗೆಸಿ ನೋಡದೆ ಮುಂಗಡ ಕೊಡಬೇಡಿ.